ಸೋಡಾ ಮೇಸ್ತ್ರಿಯೂ ದೊರೆಯ ಟ್ರೇಯೂ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷದಿಂದ ಕೊಳೆಯ ಜೊತೆ ಗುದ್ದಾಡುತ್ತಿರುವ ಮನುಷ್ಯನನ್ನು ಎಲ್ಲರೂ ಕರೆಯುವುದು ಸೋಡಾ ಮೇಸ್ತ್ರಿ ಎಂದೇ. ಕುಡಿಯುವ ಸೋಡಾ ಅಲ್ಲ ಮತ್ತೆ, ಒಗೆಯುವ ಸೋಡಾ. ಹೆತ್ತವರಿಟ್ಟ ಹೆಸರೂ ಒಂದಿದೆ. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಅವರ ಕೆಲಸ ಅಂಥಿಂಥದ್ದಲ್ಲ. ಮೇಲಿನ ವಾರ್ಡುಗಳಿಂದ ಹಾಸಿಗೆಯ ಬಟ್ಟೆ ಚೀಲಗಟ್ಟಲೆ ಬಂದು ದೊಪ್ಪನೆ ಬೀಳುತ್ತದೆ. ಕೈಗವಸು ಹಾಕಿಕೊಂಡು ಒಂದೊಂದನ್ನೇ ಬಿಡಿಸಿ ನೋಡಿ ಬೇರೆ ಬೇರೆ ಗುಡ್ಡೆ ಹಾಕಬೇಕು. ರಕ್ತದ ಕಲೆಗೆ ತಣ್ಣೀರು, ಜಿಡ್ಡಿಗೆ ಬಿಸಿನೀರು. ಅಪ್ಪಿತಪ್ಪಿ ರಕ್ತಕ್ಕೆ ಬಿಸಿನೀರು ಹಾಕಿದಿರೋ, ಆ ಕಲೆ ಅಲ್ಲೇ ಮನೆ ಮಾಡಿಕೊಂಡು ಕೂತುಬಿಡುತ್ತದೆ, ಯಾರಪ್ಪ ಬಂದರೂ ಏಳುವುದಿಲ್ಲ. ಹೊಸಬರಿಗೆ ಮೇಸ್ತ್ರಿ ಇದನ್ನು ಗಿಣಿಗೆ ಹೇಳಿದ ಹಾಗೆ ಹೇಳುತ್ತಾರೆ. ಇಸ್ತ್ರಿಯಾಗಿ ಮಡಿಚಿಟ್ಟ ಬಟ್ಟೆಯನ್ನು ಮೂಗಿನ ಹತ್ತಿರ ಒಯ್ದು, "ಸರಿಯಾಗಿ ಜಾಲಿಸಿಲ್ಲ, ವಾಪಸ್ ಹಾಕಿ" ಅಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇಲ್ಲ. ಲಾಂಡ್ರಿಯ ಗೋಡೆಯ ಮೇಲೆ ಅವರದೇ ಕೈಬರಹದಲ್ಲಿ ಒಂದು ಬೋರ್ಡು: "ಒಳಗೆ ಬಂದ ಬಟ್ಟೆ ನೀರು ಕಾಣದೆ ಕೂರಬಾರದು."

ಆ ಬೋರ್ಡು ಲಾಂಡ್ರಿಯಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮೇಸ್ತ್ರಿ ಅದನ್ನು ತಲೆಯೊಳಗೆ ಇಟ್ಟುಕೊಂಡು ಮನೆಗೂ ತರುತ್ತಿದ್ದರು. ಮನೆಗೆ ಬಂದ ನೆಂಟರು ಕುರ್ಚಿಯ ಮೇಲೆ ಸ್ಕಾರ್ಫ್ ಇಟ್ಟು ಕೈ ತೊಳೆಯಲು ಹೋದರೆ, ವಾಪಸ್ ಬರುವಷ್ಟರಲ್ಲಿ ಸ್ಕಾರ್ಫ್ ತಂತಿಯ ಮೇಲಿರುತ್ತಿತ್ತು, ನೀರು ತೊಟ್ಟಿಕ್ಕುತ್ತಾ. "ನೆಂಟರನ್ನೇ ನೆನೆಹಾಕದೆ ಬಿಟ್ಟಿದ್ದೀಯಲ್ಲ, ಅದೇ ಪುಣ್ಯ" ಎನ್ನುತ್ತಿದ್ದರು ಅಕ್ಕ.

ಈ ಅಕ್ಕ ಮೇಸ್ತ್ರಿಗಿಂತ ಆರು ವರ್ಷ ದೊಡ್ಡವರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬೀದಿಯವರ ಬಟ್ಟೆಯನ್ನೆಲ್ಲ ಉದ್ದ, ಗಿಡ್ಡ, ಸಡಿಲ, ಬಿಗಿ ಮಾಡಿಕೊಡುವವರು. ಬಾಯಲ್ಲಿ ಸದಾ ಗುಂಡುಸೂಜಿ. ಗುಂಡುಸೂಜಿ ತೆಗೆದರೆ ಅದಕ್ಕಿಂತ ಚೂಪಾದ ಮಾತು. ಮೇಸ್ತ್ರಿಯ ಹೆಂಡತಿ ತೀರಿಕೊಂಡ ಮೇಲೆ ಅಕ್ಕತಮ್ಮ ಇಬ್ಬರೂ ಒಂದೇ ಮನೆಯಲ್ಲಿ ಹೀಗೆ ಕಿತ್ತಾಡಿಕೊಂಡು ಸುಖವಾಗಿದ್ದರು.

ಅಂಥ ಮನೆಗೆ ಒಂದು ಶನಿವಾರ ಮೊಲ ಬಂತು.

ಮೊಲ ಒಂದೇ ಬರಲಿಲ್ಲ, ಅದನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಮೊಮ್ಮಗಳು ಬಂದಳು. ಎಂಟು ವರ್ಷದವಳು, ಚೂಟಿ ಅಂತ ಕರೆಯುತ್ತಿದ್ದರು. ಮೇಸ್ತ್ರಿಯ ಮಗಳಿಗೆ ದೂರದ ಊರಿನಲ್ಲಿ ಆರು ತಿಂಗಳ ಲ್ಯಾಬ್ ತರಬೇತಿ ಸಿಕ್ಕಿತ್ತು. ಎರಡು ವರ್ಷ ಕಾದು ಸಿಕ್ಕಿದ್ದು. ಅದು ಮುಗಿದರೆ ಕಾಯಂ ಕೆಲಸ. ಆದರೆ ಅಲ್ಲಿನ ಹಾಸ್ಟೆಲಿನಲ್ಲಿ ಮಕ್ಕಳಿಗೆ ಜಾಗವಿಲ್ಲ. ಅಳಿಯ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು, ವರ್ಷಕ್ಕೊಮ್ಮೆ ದಡ ಕಾಣುವ ಆಸಾಮಿ. ಹೀಗಾಗಿ ಮಗಳು ತನ್ನ ಮಗಳನ್ನು ಅಪ್ಪನ ಕೈಗೊಪ್ಪಿಸಿ, "ಅಪ್ಪಾ, ಇವಳು ಇಲ್ಲಿ ಹೊಂದ್ಕೊಂಡ್ರೆ ಮಾತ್ರ ನಾನು ಅಲ್ಲಿರೋಕಾಗೋದು. ಅತ್ಕೊಂಡು ಕೂತ್ರೆ ನಾನು ಬಿಟ್ಟು ಬಂದ್ಬಿಡ್ತೀನಿ" ಅಂತ ಹೇಳಿ ಸಂಜೆಯ ಬಸ್ಸು ಹತ್ತಿದಳು.

"ನೀನು ಹೋಗಮ್ಮ, ನಾನಿದ್ದೀನಲ್ಲ" ಎಂದರು ಮೇಸ್ತ್ರಿ, ಎದೆಯುಬ್ಬಿಸಿ.

ಬಸ್ಸು ತಿರುವು ದಾಟುವ ಮೊದಲೇ ಮನೆಗೆ ಬಂದು ಮೊಮ್ಮಗಳ ಚೀಲ ಬಿಚ್ಚಿದರು. ಒಳಗೆ ಬಂದ ಬಟ್ಟೆ ಅಲ್ಲವೇ? ಫ್ರಾಕು, ಕಾಲುಚೀಲ, ಟವೆಲು, ಅಡಿಯಲ್ಲಿ ಮುದುಡಿ ಇಟ್ಟಿದ್ದ ಒಂದು ಹಳೆಯ ಬೂದುಬಣ್ಣದ ಸ್ವೆಟರು, ಎಲ್ಲವನ್ನೂ ನೆನೆಹಾಕಿ, ಕುಕ್ಕಿ, ಜಾಲಿಸಿ ಹಾಕಿಯೇ ಊಟಕ್ಕೆ ಕೂತದ್ದು. ಬೆಳಿಗ್ಗೆ ಎದ್ದ ಹುಡುಗಿ ತಂತಿಯ ಮೇಲೆ ನೇತಾಡುತ್ತಿದ್ದ ಸ್ವೆಟರು ನೋಡಿದಳು. ಅದು ಅವಳ ಅಮ್ಮನದು.

"ಇದನ್ಯಾಕೆ ಒಗೆದೆ ಅಜ್ಜಾ?"

"ಕೊಳೆಯಾಗಿತ್ತು ಪುಟ್ಟಾ. ನೋಡೀಗ, ಹೊಸದರ ಥರ ಆಗಿದೆ!"

ಹುಡುಗಿ ಹೊಲಿಗೆಯ ಮೇಜಿನ ಕೆಳಗೆ ಹೋಗಿ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೂತವಳು ಏಳಲೇ ಇಲ್ಲ ಅಂದರೂ ನಡೆದೀತು. ಹತ್ತಿರದ ಶಾಲೆಗೆ ಸೇರಿಸಿದರೂ ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ. ಊಟಕ್ಕೆ ಕರೆದರೆ ನಾಲ್ಕು ತುತ್ತು, ಮತ್ತೆ ಮೇಜಿನ ಕೆಳಗೆ. ಸಂಜೆ ಅಮ್ಮನ ಫೋನು ಬಂದರೆ ಒಂದೇ ಮಾತು: "ಯಾವಾಗ ಬರ್ತೀಯಾ?" ಮೇಸ್ತ್ರಿ, ಎರಡು ದಿನ ಹೋದರೆ ಸರಿಹೋಗುತ್ತಾಳೆ ಅಂದುಕೊಂಡರು. ಎರಡು ದಿನ ಹೋಗಿ ಹತ್ತು ದಿನವಾದರೂ ಸರಿಹೋಗಲಿಲ್ಲ.

ಇನ್ನು ಮೊಲದ ಕಥೆ. ಅದರ ಹೆಸರು ದೊರೆ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು, ನಡಿಗೆಯಲ್ಲಿ ಆ ಹೆಸರಿಗೆ ತಕ್ಕ ಗತ್ತು. ಅಮ್ಮನ ಮನೆಯಲ್ಲಿ ಅದು ಅಚ್ಚುಕಟ್ಟಾಗಿ ಮೂಲೆಯ ಟ್ರೇಯಲ್ಲೇ ಎಲ್ಲ ಮುಗಿಸುತ್ತಿತ್ತಂತೆ. ಆ ಟ್ರೇಯೂ ಜೊತೆಗೆ ಬಂದಿತ್ತು. ಅದರಲ್ಲಿ ಹರಿದ ಪೇಪರು, ಒಂದಿಷ್ಟು ಹಿಕ್ಕೆ, ಹಳೆಯ ಉಚ್ಚೆಯ ನಾತ. ಮೇಸ್ತ್ರಿಯ ಮೂಗು ಅದನ್ನು ಬಾಗಿಲಲ್ಲೇ ಹಿಡಿದಿತ್ತು. ಸ್ವೆಟರಿನ ಜೊತೆಗೇ ಟ್ರೇಗೂ ಸ್ನಾನವಾಗಿತ್ತು.

ಅಂದಿನಿಂದ ದೊರೆಗೆ ಇಡೀ ಮನೆಯೇ ಟ್ರೇ. ಬಾಗಿಲ ಹಿಂದೆ ಒಂದು ಕೊಳ, ಕಪಾಟಿನ ಬುಡದಲ್ಲಿ ಒಂದು ಕೊಳ. ಮೇಸ್ತ್ರಿಯ ಚಪ್ಪಲಿಯ ಮೇಲೆ ಒಂದು ಡಜನ್ ಹಿಕ್ಕೆ, ಅವೂ ಒಂದೇ ಅಳತೆಯವು, ಅಕ್ಕನ ಗುಂಡಿಯ ಡಬ್ಬಿಯಲ್ಲಿ ಬೆರೆತರೆ ಆರಿಸುವುದು ಕಷ್ಟ. ಮೇಸ್ತ್ರಿ ಹೆದರುವವರೇ? ಕೈ ತೊಳೆದುಕೊಂಡು ಬೆನ್ನುಬಿದ್ದರು. ನೆಲವನ್ನು ದಿನಕ್ಕೆ ಮೂರು ಸಲ ಒರೆಸಿದರು. ಟ್ರೇಯನ್ನು ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಮೊದಲು ತಣ್ಣೀರಲ್ಲಿ, ಆಮೇಲೆ ಸೋಡಾದಲ್ಲಿ, ಕೊನೆಗೆ ಬ್ಲೀಚಿನಲ್ಲಿ ತೊಳೆದು ಬಿಸಿಲಿಗಿಟ್ಟು, ಫಳಫಳ ಹೊಳೆಯುವ ಹಾಗೆ ಮಾಡಿ ದೊರೆಯ ಮುಂದಿಟ್ಟರು. ದೊರೆ ಒಮ್ಮೆ ಮೂಸಿತು, ಸೀನಿತು, ಕಾಲಿನಿಂದ ನೆಲಕ್ಕೆ ದಪ್ಪೆಂದು ಒದ್ದು, ಹೋಗಿ ಅಕ್ಕನ ಮಿಷನ್ನಿನ ಪೆಡಲ್ ಮೇಲೆ ಉಚ್ಚೆ ಹೊಯ್ದಿತು.

"ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೋ ನಿನ್ನ ಕಥೆ" ಎಂದರು ಅಕ್ಕ, ಕಾಲು ಮೇಲೆತ್ತಿಕೊಂಡು.

"ಕಲಿಯುತ್ತೆ ಬಿಡಕ್ಕ. ಎಂಥೆಂಥವರಿಗೋ ಕಲಿಸಿದ್ದೀನಿ ನಾನು."

"ಅವರು ಸಂಬಳಕ್ಕೆ ಕಲಿತ್ರು. ಇದಕ್ಕೇನು ಪಿಂಚಣಿ ಕೊಡಿಸ್ತೀಯಾ?"

ಮೇಸ್ತ್ರಿ ದೊರೆಯನ್ನು ಎತ್ತಿ ಎತ್ತಿ ಟ್ರೇಯೊಳಗೆ ಕೂರಿಸಿದರು. ಅದು ಹಾರಿ ಬಂತು. ಮತ್ತೆ ಕೂರಿಸಿದರು, ಮತ್ತೆ ಹಾರಿತು. ಒಂದು ಮಧ್ಯಾಹ್ನ ಅಕ್ಕ ಒಳಗೆ ಬಂದಾಗ, ತಮ್ಮ ಟ್ರೇಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಹೀಗೆ, ಹೀಗೆ ಕೂತ್ಕೋಬೇಕು, ಅರ್ಥವಾಯ್ತಾ?" ಎಂದು ಮೊಲಕ್ಕೆ ತೋರಿಸಿಕೊಡುತ್ತಿದ್ದರು. ಅಕ್ಕ ಗುಂಡುಸೂಜಿ ನುಂಗುವುದೊಂದು ಬಾಕಿ. ಮೇಜಿನ ಕೆಳಗಿದ್ದ ಹುಡುಗಿಯ ತುಟಿ ಕೂಡ ಒಂದು ಕ್ಷಣ ಅಲುಗಿತು, ಆದರೆ ನಗು ಹೊರಗೆ ಬರಲಿಲ್ಲ.

ನಗುವ ಕಾಲವೂ ಹೆಚ್ಚು ದಿನ ಉಳಿಯಲಿಲ್ಲ. ಮೂರನೆಯ ವಾರ ಬ್ಯಾಂಡಿನವನೊಬ್ಬ ತನ್ನ ಬಿಳಿಯ ಕೋಟು ಕೊಟ್ಟು ಹೋದ. ಭುಜಕ್ಕೆ ನೀಲಿಯ ಪಟ್ಟಿ, ತೋಳಿಗೆ ನೀಲಿಯ ಅಂಚು. ತೋಳು ಅರ್ಧ ಗೇಣು ಉದ್ದ ಮಾಡಬೇಕು, ಭಾನುವಾರ ಕಾರ್ಯಕ್ರಮ. ಕೋಟು ಕುರ್ಚಿಯಿಂದ ಜಾರಿತು. ದೊರೆ ಅದರ ಮೇಲೆ ಹತ್ತಿ ಕೂತು, ಸುತ್ತಮುತ್ತ ನೋಡಿ, ಆರಾಮವಾಗಿ ತನ್ನ ಕೆಲಸ ಮುಗಿಸಿತು. ಅಂಗೈಯಷ್ಟು ಕಲೆ, ಅದೂ ಬೆನ್ನಿನ ಕಡೆ.

"ಏನೂ ಹೆದರ್ಕೋಬೇಡ, ಹತ್ತು ನಿಮಿಷ" ಎಂದು ಮೇಸ್ತ್ರಿ ಕೋಟು ಕಿತ್ತುಕೊಂಡು ಓಡಿದರು. ಮೂವತ್ತೊಂದು ವರ್ಷ ಅವರು ಒಗೆದದ್ದೆಲ್ಲ ಆಸ್ಪತ್ರೆಯ ಬಿಳಿ ಬಟ್ಟೆ. ಬಣ್ಣ ಬಿಡುವ ಬಟ್ಟೆ ಅಂತ ಒಂದು ಲೋಕದಲ್ಲಿದೆ ಎನ್ನುವುದು ಆ ಗಡಿಬಿಡಿಯಲ್ಲಿ ಅವರಿಗೆ ಹೊಳೆಯಲೇ ಇಲ್ಲ. ಕುದಿಯುವ ನೀರಿಗೆ ಹಾಕಿದರು. ಮೊಲದ ಕಲೆ ಪೂರ್ತಿ ಹೋಯಿತು. ಭುಜದ ನೀಲಿ ಪೂರ್ತಿ ಇಳಿದು ಬಿಳಿಯ ಮೇಲೆಲ್ಲ ಹರಡಿತು. ಮೊಲ ಮಾಡಿದ್ದು ಅಂಗೈಯಷ್ಟು, ಮೇಸ್ತ್ರಿ ಮಾಡಿದ್ದು ಇಡೀ ಕೋಟು. ಅಕ್ಕ ಎರಡು ದಿನ ಕಣ್ಣು ನೋಯಿಸಿಕೊಂಡು ಹೊಸ ಬಿಳಿ ಬಟ್ಟೆ ತಂದು ಕೋಟನ್ನೇ ಹೊಸದಾಗಿ ಹೊಲಿದುಕೊಟ್ಟರು. ಆಮೇಲೆ ಬಾಯಿಂದ ಗುಂಡುಸೂಜಿಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ಹಾಗೆ ಮಾಡಿದರೆ ಮಾತು ತಮಾಷೆಯದಲ್ಲ ಎಂದರ್ಥ.

"ನೋಡೋ, ಇದು ನನ್ನ ಹೊಟ್ಟೆಪಾಡು. ಬರೋ ಭಾನುವಾರದೊಳಗೆ ಇದು ಕಲೀಲಿಲ್ಲ ಅಂದ್ರೆ ಬೇರೆ ಮನೆ ನೋಡು, ಅದಕ್ಕೆ."

ಮೇಜಿನ ಕೆಳಗಿಂದ ಧ್ವನಿ ಬಂತು. "ದೊರೆ ಹೋದ್ರೆ ನಾನೂ ಹೋಗ್ತೀನಿ ದೊಡ್ಡಜ್ಜಿ. ಅಮ್ಮಂಗೆ ಬಾ ಅಂತೀನಿ."

ಅಕ್ಕ ತಮ್ಮನ ಮುಖ ನೋಡಿದರು. ತಮ್ಮ ನೆಲ ನೋಡಿದರು. ಮಗಳ ಎರಡು ವರ್ಷದ ಕಾಯುವಿಕೆ, ಕಾಯಂ ಕೆಲಸ, ಎಲ್ಲ ಒಂದು ಮೊಲದ ಉಚ್ಚೆಯ ಮೇಲೆ ನಿಂತಿತ್ತು. ನಗಬೇಡಿ, ಸಂಸಾರ ಎಂದರೆ ಎಷ್ಟೋ ಸಲ ಹೀಗೆಯೇ.

ಮರುದಿನ ಮೇಸ್ತ್ರಿ ಅರ್ಧ ದಿನ ರಜೆ ಹಾಕಿದರು. ಮೂವತ್ತೊಂದು ವರ್ಷದಲ್ಲಿ ಎಷ್ಟನೆಯ ರಜೆ ಎಂದು ಬೆರಳು ಮಡಿಚಿ ಹೇಳಬಹುದು. ದೊರೆಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಚೂಟಿಯ ಕೈ ಹಿಡಿದುಕೊಂಡು ಪಶುವೈದ್ಯರ ಹತ್ತಿರ ಹೋದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕೈಮೇಲೆ ಬೆಕ್ಕು ಪರಚಿದ ಗಾಯ. ಮೊಲದ ಹಲ್ಲು ನೋಡಿದರು, ಹೊಟ್ಟೆ ಒತ್ತಿದರು.

"ಆರೋಗ್ಯವಾಗಿದೆ. ಸಂತಾನಹರಣದ ಆಪರೇಷನ್ನೂ ಆಗಿದೆ. ಮೊದಲು ಟ್ರೇಗೆ ಹೋಗ್ತಿತ್ತು ಅಂತೀರಿ. ಟ್ರೇನ ಹೇಗೆ ಇಟ್ಕೊಂಡಿದ್ದೀರಾ ಯಜಮಾನ್ರೇ?"

ಇಂಥ ಪ್ರಶ್ನೆಗಾಗಿ ಮೇಸ್ತ್ರಿ ಜೀವಮಾನವೆಲ್ಲ ಕಾದಿದ್ದರು. ತಣ್ಣೀರಿನಿಂದ ಶುರುಮಾಡಿ ಸೋಡಾ, ಬ್ಲೀಚು, ಬಿಸಿಲು, ಒಂದನ್ನೂ ಬಿಡದೆ ವಿವರಿಸಿದರು. "ಡಾಕ್ಟ್ರಮ್ಮ, ನೀವು ಆ ಟ್ರೇಲಿ ಊಟ ಮಾಡ್ಬಹುದು!"

ಡಾಕ್ಟರಮ್ಮ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. "ಅದೇ ಆಗಿರೋದು. ಊಟ ಮಾಡೋ ಥರ ಇದ್ರೆ ಅದು ಅಲ್ಲಿ ಯಾಕೆ ಉಚ್ಚೆ ಹೊಯ್ಯುತ್ತೆ? ಮೊಲಕ್ಕೆ ಓದೋಕೆ ಬರಲ್ಲ ಯಜಮಾನ್ರೇ. ಅದಕ್ಕೆ ವಾಸನೆನೇ ಮನೆ ವಿಳಾಸ. ಇದು ನನ್ನ ಜಾಗ ಅಂತ ಅದು ಗುರುತು ಹಾಕುತ್ತೆ, ನೀವು ದಿನಾ ಎರಡು ಸಲ ಅಳಿಸ್ತೀರಾ. ಮೇಲೆ ಬ್ಲೀಚಿನ ಘಾಟು ಬೇರೆ. ಪಾಪ, ಅದು ಎಲ್ಲಿಗೆ ಹೋಗ್ಬೇಕು? ದಿನಾ ಯಾರದೋ ಮನೇಲಿ ಎದ್ದ ಹಾಗಾಗುತ್ತೆ ಅದಕ್ಕೆ."

ಮೇಸ್ತ್ರಿ ದೊರೆಯ ಮುಖ ನೋಡಿದರು.

"ಬೇರೆ ಕಡೆ ಹೊಯ್ದ್ರೆ ವಿನೆಗರ್ ಹಾಕಿ ಚೆನ್ನಾಗಿ ಒರೆಸಿ, ಅಲ್ಲಿ ನಿಮ್ಮಿಷ್ಟ. ಒರೆಸಿದ ಒದ್ದೆ ಪೇಪರಿನ ಚೂರು, ಬಿದ್ದ ಹಿಕ್ಕೆ ತಂದು ಟ್ರೇಗೆ ಹಾಕಿ. ಅದು ತಾನಾಗಿ ಆರಿಸ್ಕೊಂಡ ಮೂಲೆಯಲ್ಲೇ ಟ್ರೇ ಇಡಿ. ಒಂದು ತುದೀಲಿ ಒಣಹುಲ್ಲು ಇಡಿ, ಮೊಲ ತಿನ್ನುತ್ತಾ ತಿನ್ನುತ್ತಾನೇ ಹೋಗುತ್ತೆ. ಪೇಪರ್ ಬದಲಾಯಿಸುವಾಗ ಹಳೇದು ಒಂದು ಹಿಡಿ ಉಳಿಸಿ. ಮುಖ್ಯವಾಗಿ," ಎಂದು ಡಾಕ್ಟರಮ್ಮ ಬೆರಳೆತ್ತಿದರು, "ತೊಳೀಬೇಡಿ."

ತೊಳೀಬೇಡಿ! ಮೀನಿಗೆ ಈಜಬೇಡ ಅಂದ ಹಾಗಾಯಿತು. ದಾರಿಯುದ್ದಕ್ಕೂ ಮೇಸ್ತ್ರಿ ಗೊಣಗಿದರು. ಆದರೆ ಹೇಳಿದ್ದನ್ನು ಮಾಡಿದರು, ಅದು ಅವರ ದೊಡ್ಡ ಗುಣ. ದೊರೆ ಹೆಚ್ಚು ಇಷ್ಟಪಟ್ಟಿದ್ದು ಕಪಾಟಿನ ಪಕ್ಕದ ಮೂಲೆ, ಟ್ರೇ ಅಲ್ಲಿಗೆ ಹೋಯಿತು. ಹರಿದ ಪೇಪರು, ಅದರ ಮೇಲೆ ಇಕ್ಕಳದಲ್ಲಿ ಹಿಡಿದು ತಂದ ಒದ್ದೆ ಚೂರು, ಎಣಿಸಿದ ಹಾಗೆ ನಾಲ್ಕು ಹಿಕ್ಕೆ, ತುದಿಯಲ್ಲಿ ಒಣಹುಲ್ಲು. ಜೀವನದಲ್ಲಿ ಮೊದಲ ಸಲ ಶುಭ್ರವಾಗಿದ್ದನ್ನು ತಾವೇ ಕೈಯಾರೆ ಕೊಳೆ ಮಾಡಿದ್ದರು. ಮುಖ ಹುಳ್ಳಗಾಗಿತ್ತು.

ಮೊದಲ ದಿನ ಟ್ರೇಯ ಮುಂದೆ ಕೈಕಟ್ಟಿ ನಿಂತರು. ಎರಡನೆಯ ದಿನ ನಾತ ಮೂಗಿಗೆ ಬಂದಾಗ ಕೈ ತಾನಾಗಿ ಸೋಡಾ ಡಬ್ಬಿಯ ಕಡೆ ಹೋಯಿತು; ಡಬ್ಬಿ ಇರಲಿಲ್ಲ. ಅಕ್ಕ ಅದನ್ನು ಹೊಲಿಗೆ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಹಾಕಿಕೊಂಡಿದ್ದರು.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ನೀನು. ನಿನ್ನ ನಂಬೋಕಾಗುತ್ತಾ?" ಎಂದರು.

ಗುರುವಾರ ಬೆಳಿಗ್ಗೆ ದೊರೆ ಟ್ರೇಯ ಹತ್ತಿರ ಬಂತು. ಮೂಸಿತು. ಸೀನಲಿಲ್ಲ. ಮುಂಗಾಲಿಟ್ಟಿತು, ಹಿಂಗಾಲಿಟ್ಟಿತು, ಹುಲ್ಲಿನ ಎಳೆಯೊಂದನ್ನು ಬಾಯಿಗೆ ಸಿಕ್ಕಿಸಿಕೊಂಡು, ಮೂವರ ಕಣ್ಣೂ ತನ್ನ ಮೇಲಿರುವಾಗಲೇ, ರಾಜಗಾಂಭೀರ್ಯದಿಂದ ಬಾಲವೆತ್ತಿ ಕೂತಿತು.

"ಹೊಯ್ತು!" ಎಂದು ಮೊದಲು ಪಿಸುಗುಟ್ಟಿದವರು ಅಕ್ಕ.

ಶನಿವಾರದ ಹೊತ್ತಿಗೆ ಹತ್ತಕ್ಕೆ ಒಂಬತ್ತು ಸಲ ಟ್ರೇಯೇ. ಹತ್ತನೆಯದು ಮೇಸ್ತ್ರಿಯ ಚಪ್ಪಲಿ. ಅದು ಹಳೆಯ ದ್ವೇಷ ಇರಬೇಕು. ಭಾನುವಾರ ಅಕ್ಕ ತಾವಿಟ್ಟ ಗಡುವನ್ನು ಹಿಂದಕ್ಕೆ ತೆಗೆದುಕೊಂಡು ದೊರೆಗೆ ಒಂದು ಕ್ಯಾರೆಟ್ಟಿನ ತುದಿ ಕೊಟ್ಟರು. ಎಲ್ಲ ಬಗೆಹರಿಯಿತು ಅಂತ ಮೇಸ್ತ್ರಿ ಮಂಚದ ಮೇಲೆ ಕಾಲು ಚಾಚಿದರು.

ಸಂಜೆ ಫೋನು ಬಂತು. ಚೂಟಿ ಮೊಲ ಕಲಿತ ಸುದ್ದಿಯನ್ನೆಲ್ಲ ಉತ್ಸಾಹದಿಂದ ಹೇಳಿದಳು. ಕೊನೆಗೆ ಅದೇ ಧ್ವನಿ, ಅದೇ ಮಾತು: "ಅಮ್ಮಾ, ಯಾವಾಗ ಬರ್ತೀಯಾ? ಈಗಲೇ ಬಾ."

ಮೇಸ್ತ್ರಿ ಎದ್ದು ಕೂತರು. ಫೋನಿಟ್ಟ ಹುಡುಗಿ ಒಳಗೆ ಹೋದಳು. ಬಾಗಿಲ ಸಂದಿಯಿಂದ ಅವರಿಗೆ ಕಂಡಿತು: ಅವಳು ಆ ಬೂದು ಸ್ವೆಟರನ್ನು ತೆಗೆದು ಮುಖವನ್ನೆಲ್ಲ ಅದರೊಳಗೆ ಹುದುಗಿಸಿ ಉಸಿರೆಳೆದಳು. ಇನ್ನೊಂದು ಸಲ ಎಳೆದಳು. ಏನೋ ಕಳೆದದ್ದನ್ನು ಹುಡುಕುವ ಹಾಗೆ ತೋಳು, ಕತ್ತು, ಅಂಚು ಎಲ್ಲ ಮೂಸಿ, ಸಿಗಲಿಲ್ಲವೆಂದು ಮಡಿಚಿ ಬದಿಗಿಟ್ಟು, ದೊರೆಯನ್ನು ಎತ್ತಿಕೊಂಡು ಮೇಜಿನ ಕೆಳಗೆ ಸೇರಿದಳು.

ಮೇಸ್ತ್ರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೂಗನ್ನೇ ನಂಬಿ ಬದುಕಿದ ಮನುಷ್ಯನಿಗೆ ಇದು ಹೊಳೆಯಲು ಒಂದು ಮೊಲ ಬೇಕಾಯಿತೇ? ಬಂದ ದಿನವೇ, ಬಸ್ಸು ತಿರುವು ದಾಟುವ ಮೊದಲೇ, ಮಗುವಿನ ಕೈಯಲ್ಲಿದ್ದ ಅಮ್ಮನನ್ನು ಬಕೆಟ್ಟಿನಲ್ಲಿ ಮುಳುಗಿಸಿ ಕುಕ್ಕಿ ಹಿಂಡಿ ಚರಂಡಿಗೆ ಚೆಲ್ಲಿದ್ದರು. ಹೆಂಡತಿ ತೀರಿಕೊಂಡ ಮೂರನೆಯ ದಿನ ಅವಳ ಬಟ್ಟೆಗಳನ್ನೆಲ್ಲ ಹೀಗೇ ಒಗೆದು ಮಡಿಚಿ ಇಟ್ಟದ್ದು ನೆನಪಾಯಿತು. ಆಮೇಲೆ ಎಷ್ಟು ಸಲ ಆ ಕಪಾಟು ತೆರೆದು ನಿಂತಿದ್ದರು! ಅಲ್ಲಿ ಸೋಡಾದ ವಾಸನೆ ಬಿಟ್ಟು ಇನ್ನೇನೂ ಸಿಗುತ್ತಿರಲಿಲ್ಲ. ಯಾಕೆ ಅಂತ ಅವರು ಯಾರನ್ನೂ ಕೇಳಿರಲಿಲ್ಲ.

ಹೊರಗೆ ಬೀದಿಗೆ ಹೋಗಿ ಮಗಳಿಗೆ ಫೋನು ಮಾಡಿದರು.

"ಒಂದು ಸ್ವೆಟರ್ ಕಳಿಸಮ್ಮ. ನಿಂದು. ದಿನಾ ಹಾಕ್ಕೊಳ್ಳೋದು."

"ಕಳಿಸ್ತೀನಪ್ಪ. ಒಗೆದು ಇಸ್ತ್ರಿ ಮಾಡಿ—"

"ಒಗೀಬೇಡ! ನಾಲ್ಕು ದಿನ ಹಾಕ್ಕೊಂಡು ಹಾಗೇ ಕಳಿಸು."

"ಅಪ್ಪಾ, ನೀನು ಹುಷಾರಾಗಿದ್ದೀಯ ತಾನೇ? ಅತ್ತೆಗೆ ಫೋನ್ ಕೊಡು."

ಪಾರ್ಸೆಲ್ ಮುಂದಿನ ಶನಿವಾರ ಬಂತು. ಮನೆಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಸ್ತ್ರಿ ಬಿಚ್ಚಿದರು. ಹಸಿರು ಸ್ವೆಟರು. ಮೂಗು ಹಳೆಯ ಚಾಳಿಯಂತೆ ಒಂದೊಂದೇ ಹೇಳತೊಡಗಿತು: ಲ್ಯಾಬಿನ ಸ್ಪಿರಿಟ್ಟು, ಹಾಸ್ಟೆಲಿನ ಅಡುಗೆ ಒಗ್ಗರಣೆ, ತಲೆಗೆ ಹಚ್ಚುವ ಎಣ್ಣೆ, ಬಲಗೈ ತೋಳಿನ ತುದಿಗೆ ಚಹಾ. ಇವೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು. ಅದು ಮಗಳು ಚಿಕ್ಕವಳಿದ್ದಾಗ ನಿದ್ದೆ ಹೋದವಳನ್ನು ಹೆಗಲಿಗೆ ಹಾಕಿಕೊಂಡು ನಡೆದಾಗ ಬರುತ್ತಿದ್ದ ವಾಸನೆ. ಮೂವತ್ತು ವರ್ಷವಾದರೂ ಬದಲಾಗಿರಲಿಲ್ಲ. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು.

"ಚೂಟೀ" ಎಂದು ಕರೆದು ಮೇಜಿನ ಕೆಳಗೆ ಬಗ್ಗಿ ಕೊಟ್ಟರು. ಹುಡುಗಿ ಮುಟ್ಟಿ ನೋಡಿದಳು. ಮುಖವಿಟ್ಟಳು. ಇಟ್ಟ ಮುಖ ತೆಗೆಯಲೇ ಇಲ್ಲ. ದೊರೆ ಕೂಡ ಬಂದು ಒಂದು ತೋಳು ಮೂಸಿ, ಗುರುತು ಸಿಕ್ಕಂತೆ ಅದರ ಮೇಲೆ ಗಲ್ಲ ಉಜ್ಜಿತು. ಅಕ್ಕ ಮಿಷನ್ನು ನಿಲ್ಲಿಸಿದ್ದರು.

ಮೇಸ್ತ್ರಿ ಇನ್ನೂ ಸ್ವಲ್ಪ ಬಗ್ಗಿದರು. "ಪುಟ್ಟಾ, ಆ ತೋಳಿನ ತುದೀಲಿ ಚಹಾ ಕಲೆ ಇದೆ. ಅಷ್ಟೇ ಅಷ್ಟು ಜಾಗ, ಸ್ವಲ್ಪ ತಣ್ಣೀರು—"

"ಬೇಡಾ!" ಎಂದು ಅಕ್ಕ ಮೇಲಿಂದಲೂ ಹುಡುಗಿ ಕೆಳಗಿಂದಲೂ ಒಂದೇ ಸಲ ಕೂಗಿದರು. ದೊರೆ ಬೆಚ್ಚಿ ನೆಲಕ್ಕೆ ದಪ್ಪೆಂದು ಒದ್ದಿತು. ಹುಡುಗಿ ನಕ್ಕಳು. ಆ ಮನೆಗೆ ಬಂದು ಒಂದು ತಿಂಗಳಾಗಿತ್ತು, ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಹೊರಗೆ ಬಂದು, ಸ್ವೆಟರನ್ನು ಕತ್ತಿಗೆ ಸುತ್ತಿಕೊಂಡು, ಹಸಿವಾಗ್ತಿದೆ ಅಂದಳು.

ಸಂಜೆ ಫೋನಿನಲ್ಲಿ ಮೇಸ್ತ್ರಿ ಕಿವಿಯೆಲ್ಲ ಆ ಕಡೆಗೇ ಇಟ್ಟುಕೊಂಡಿದ್ದರು. ಹುಡುಗಿ ಶಾಲೆಯ ವಿಷಯ ಹೇಳಿದಳು, ದೊರೆಯ ವಿಷಯ ಹೇಳಿದಳು. ಕೊನೆಗೆ, "ಅಮ್ಮಾ, ಅದೇನು ಕಲೀತಿದ್ದೀಯೋ ಪೂರ್ತಿ ಮುಗಿಸ್ಕೊಂಡೇ ಬಾ. ಇದರ ವಾಸನೆ ಹೋದಾಗ ಹೇಳ್ತೀನಿ, ಇನ್ನೊಂದು ಕಳಿಸು" ಎಂದಳು.

ಮೇಸ್ತ್ರಿ ಮೆಲ್ಲಗೆ ಎದ್ದು ಅಕ್ಕನ ಮುಂದೆ ಕೈಚಾಚಿದರು. ಅಕ್ಕ ಏನೂ ಕೇಳದೆ ಕೊರಳಿಂದ ಕೀಲಿ ತೆಗೆದುಕೊಟ್ಟರು. ಬಚ್ಚಲಮನೆಯಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ತೊಳೆಯಲು ಇನ್ನೇನೂ ಸಿಗದೆ ಸೋಡಾ ಮೇಸ್ತ್ರಿ ಅಂದು ತಾವು ಕಣ್ಣೊರೆಸಿಕೊಂಡ ಟವೆಲನ್ನು ಎರಡು ಸಲ ಒಗೆದರು.